ಹಳೇ ಪಾಪು

ಎರಡನೆಯ ಹೆರಿಗೆ ಹತ್ತಿರವಾದಾಗ ಮೊದಲ ಮಗುವನ್ನು ನನ್ನಲ್ಲಿಗೆ ಕರೆತರುವವರ ಮನೆಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ತಮಾಷೆ ನಡೆದಿರುವುದನ್ನು ಕಂಡು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ 2 ವರ್ಷ 10 ತಿಂಗಳು. ತಾಯಿಗೆ ಏಳು ತಿಂಗಳು ತುಂಬಿತ್ತು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದವನು ಮತ್ತೆ ಆರಂಭಿಸಿದ್ದ. ಬೀದಿಯಲ್ಲಿ ಗುಜರಿಯವನ ಕೂಗು ಕೇಳಿದರೆ ಮಂಚದ ಕೆಳಗೆ ಸೇರುತ್ತಿದ್ದ ಎಂಬುದನ್ನು ತಾಯಿ ನಗುತ್ತ ಹೇಳಿದ್ದರು. ನಾನೂ ಅದಕ್ಕೆ ಗಮನ ಕೊಟ್ಟಿರಲಿಲ್ಲ.

ಮೂರನೆಯ ಭೇಟಿಗೆ ಅಜ್ಜಿಯೂ ಬಂದಿದ್ದರು. ನಾವು ಮಾತನಾಡುತ್ತಿದ್ದಂತೆ ಹುಡುಗ ದೊಡ್ಡ ಬೊಂಬೆಯೊಂದನ್ನು ಬಟ್ಟೆಯ ಚೀಲಕ್ಕೆ ತುರುಕಿ ಬಾಗಿಲ ಬಳಿ ಇಟ್ಟ. ಅದು ಎಲ್ಲಿಗೆ ಹೊರಟಿದೆ ಎಂದು ಕೇಳಿದೆ.

"ಇದು ಹಳೇ ಪಾಪು. ಗುಜರಿ ಮಾಮ ತಗೊಂಡು ಹೋಗ್ತಾನೆ."

ಅಜ್ಜಿಗೆ ಮುಜುಗರವಾಯಿತು. "ಹೊಸ ಪಾಪು ಬಂದ್ಮೇಲೆ ನಿನ್ನ ಗುಜರಿಗೆ ಹಾಕ್ತೀವಿ ಅಂತ ತಮಾಷೆಗೆ ಅಂದಿದ್ದು ಕಣಮ್ಮ. ನಮ್ಮನ್ನೂ ಹೀಗೇ ರೇಗಿಸ್ತಿದ್ರು, ನಾವೇನು ಕೆಟ್ಟುಹೋದ್ವಾ?"

ಅವರ ಅಕ್ಕರೆಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಹಳೆಯ ಪೇಪರು, ಒಡೆದ ಬಕೆಟ್ಟು ಗೇಟಿನಾಚೆ ಹೋಗಿ ಮರಳಿ ಬಾರದಿರುವುದನ್ನು ಆ ಮಗು ಕಣ್ಣಾರೆ ಕಂಡಿತ್ತು. ಸಾಲದ್ದಕ್ಕೆ, ತಾಯಿ ಬಾಣಂತನಕ್ಕೆ ತವರಿಗೆ ಹೋಗುವುದು, ಅವನನ್ನು ಇಲ್ಲೇ ಉಳಿಸಿಕೊಂಡು ಅದೇ ತಿಂಗಳು ಶಿಶುವಿಹಾರಕ್ಕೆ ಸೇರಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವನ ಲೆಕ್ಕದಲ್ಲಿ ತಪ್ಪೇನಿತ್ತು?

ಆಡಿದವರೇ ಮಾತನ್ನು ಹಿಂದೆಗೆದುಕೊಳ್ಳಬೇಕೆಂದು ಅಜ್ಜಿಗೆ ಹೇಳಿದೆ. ಹುಡುಗನನ್ನೂ ತವರಿಗೆ ಕರೆದೊಯ್ಯಬೇಕೆಂದು ತಾಯಿಗೆ ಹೇಳಿದಾಗ, ಅಲ್ಲಿ ಇಬ್ಬರನ್ನು ನೋಡಿಕೊಳ್ಳುವವರಿಲ್ಲ ಎಂಬ ಆಕ್ಷೇಪ ಬಂತು. ನಾನು ಹಟ ಬಿಡಲಿಲ್ಲ. ಹೊಸ ಮಗು ಬಂದದ್ದಕ್ಕಿಂತ ತಾಯಿ ಕಣ್ಮರೆಯಾದದ್ದೇ ಮೊದಲ ಮಗುವನ್ನು ಹೆಚ್ಚು ಕಂಗೆಡಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕೊನೆಗೆ ತಂದೆ ರಜೆ ಹಾಕಿ ಜೊತೆಗಿರಲು ಒಪ್ಪಿದರು, ಶಿಶುವಿಹಾರ ಮುಂದಕ್ಕೆ ಹೋಯಿತು. "ಆಡೋಕೆ ತಮ್ಮ ಬರ್ತಾನೆ" ಎನ್ನುವುದೂ ಬೇಡವೆಂದೆ, ಏಕೆಂದರೆ ಬರುವುದು ದಿನದ ಹೆಚ್ಚು ಹೊತ್ತು ನಿದ್ರಿಸಿ ಉಳಿದ ಹೊತ್ತಿನಲ್ಲಿ ಅಳುವ ಕೂಸು, ಅದು ತಮ್ಮನೇ ಆಗಿರಬೇಕೆಂದೂ ಇಲ್ಲ. ತಿಂಗಳ ಲೆಕ್ಕ ಅವನಿಗೆ ತಿಳಿಯದಾದ್ದರಿಂದ "ದೀಪಾವಳಿ ಆದ ಮೇಲೆ" ಎನ್ನಬೇಕು; ಆಸ್ಪತ್ರೆಯಲ್ಲಿ ಅವನು ಮೊದಲು ಒಳಬರುವಾಗ ಕೂಸು ತೊಟ್ಟಿಲಲ್ಲಿರಬೇಕು, ತಾಯಿಯ ಕೈಗಳು ಖಾಲಿಯಿರಬೇಕು.

ಮುಂದಿನ ಭಾನುವಾರ ಗುಜರಿಯವನು ಬಂದಾಗ ಅಜ್ಜಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡೇ ಗೇಟಿಗೆ ಹೋಗಿ, "ಪೇಪರ್ ಮಾತ್ರ ಕಣಪ್ಪ, ಇವನು ನಮ್ಮವನು" ಎಂದರಂತೆ. ಹುಡುಗ ಅಜ್ಜಿಯ ಸೆರಗನ್ನು ಬಿಡದೆ, ತಕ್ಕಡಿ ಮೇಲೇಳುವವರೆಗೂ ನೋಡಿದನಂತೆ.