ಓದುಗರ ಪ್ರಶ್ನೆ: ಜೆಲ್ಲಿನೊಳಗೆ ಲಿಪೋಸೋಮ್ ಯಾಕೆ?

ಪ್ರಶ್ನೆ: ಅಮ್ಮನ ಚರ್ಮದ ಫಂಗಸ್‌ಗೆ ಡಾಕ್ಟರು ಒಂದು ಟ್ಯೂಬ್ ಬರೆದುಕೊಟ್ಟಿದ್ದಾರೆ. ಮೇಲೆ ‘ಲಿಪೋಸೋಮಲ್ ಆಂಫೋಟೆರಿಸಿನ್ ಬಿ ಜೆಲ್’ ಅಂತಿದೆ. ಮಾಮೂಲಿ ಮುಲಾಮಿಗಿಂತ ರೇಟು ಜಾಸ್ತಿ. ಇದು ಸುಮ್ನೆ ದೊಡ್ಡ ಹೆಸರಾ? ಫ್ರೀಜರಿನಲ್ಲಿಟ್ಟರೆ ಜಾಸ್ತಿ ದಿನ ಬರುತ್ತಾ?
— ಓದುಗರೊಬ್ಬರು, ತಿಪಟೂರು

ಉತ್ತರ: ಫ್ರೀಜರ್ ಬೇಡವೇ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಜನ ಊರೂರು ಅಲೆದು ಹುಡುಕಿದ ಇಂಜೆಕ್ಷನ್ ನೆನಪಿದೆಯಲ್ವಾ, ಅದೇ ಔಷಧಿ ಇದು. ಇದು ನೀರಿಗೆ ಕರಗಲು ಒಲ್ಲೆ ಅನ್ನುತ್ತದೆ, ಹಳೆಯ ಇಂಜೆಕ್ಷನ್ ರೂಪದಲ್ಲಿ ಕಿಡ್ನಿಗೂ ಏಟು ಕೊಡುತ್ತಿತ್ತು. ಅದಕ್ಕೇ ಲಿಪೋಸೋಮ್ ಬಂತು. ಕಡುಬು ಅಂದುಕೊಳ್ಳಿ. ಹೊರಗಿನ ಕಣಕ ಲೆಸಿಥಿನ್‌ನಂಥ ಕೊಬ್ಬಿನದು, ಒಳಗೆ ನೀರು. ನೀರಿಗೆ ಕರಗುವ ಔಷಧಿಯಾದರೆ ಹೂರಣವಾಗಿ ಒಳಗೆ ಕೂರುತ್ತದೆ, ಆಂಫೋಟೆರಿಸಿನ್‌ನಂಥದ್ದು ಕಣಕದಲ್ಲೇ ಸೇರಿಕೊಳ್ಳುತ್ತದೆ. ಒಂದೊಂದರ ಗಾತ್ರ ಹೆಚ್ಚೂಕಡಿಮೆ 100 ನ್ಯಾನೊಮೀಟರ್, ಅಂದರೆ ತಲೆಗೂದಲಿನ ಅಡ್ಡಗಲದಲ್ಲಿ ನೂರಾರು ಸಾಲಾಗಿ ಕೂರಬಹುದು. 1960ರ ದಶಕದ ಶುರುವಿನಲ್ಲಿ ಕೇಂಬ್ರಿಜ್ ಹತ್ತಿರದ ಬಾಬ್ರಹಾಂನಲ್ಲಿದ್ದ ವಿಜ್ಞಾನಿ ಅಲೆಕ್ ಬ್ಯಾಂಗಮ್ ಇವನ್ನು ಮೊದಲು ಗುರುತಿಸಿದರು.

ಆದರೆ ಬರೀ ಲಿಪೋಸೋಮ್ ಇದ್ದರೆ ನೀರು ನೀರು. ಚರ್ಮದ ಮೇಲೆ ಹಚ್ಚಿದರೆ ಹರಿದುಹೋಗುತ್ತದೆ. ಅಲ್ಲಿ ಜೆಲ್ ಬೇಕು. ನೆನೆಹಾಕಿದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಉಬ್ಬುತ್ತದಲ್ಲ, ಅದೂ ಹೈಡ್ರೋಜೆಲ್ಲೇ: ತುಂಬ ನೀರು, ಅದನ್ನು ಹಿಡಿದಿಡುವ ಎಳೆಗಳ ಬಲೆ. ಈ ಬಲೆಯ ಕಣ್ಣು ಸಾಮಾನ್ಯವಾಗಿ ಎಷ್ಟು ಚಿಕ್ಕದು ಅಂದರೆ ಔಷಧಿಯ ಅಣು ಸಲೀಸಾಗಿ ನುಸುಳುತ್ತದೆ, ಲಿಪೋಸೋಮ್ ಸಿಕ್ಕಿಬೀಳುತ್ತದೆ. ಬರೀ ಜೆಲ್ಲಿಗೆ ಚಿಕ್ಕ ಅಣುವಿನ ಔಷಧಿ ಬೆರೆಸಿದರೆ ಕೆಲವೇ ಗಂಟೆಯಲ್ಲಿ ಸೋರಿ ಖಾಲಿ, ಅದೇ ಲಿಪೋಸೋಮಿನಲ್ಲಿಟ್ಟು ಜೆಲ್ಲಿಗೆ ಹಾಕಿದರೆ ಮೊದಲು ಕಣಕ ದಾಟಬೇಕು, ಆಮೇಲೆ ಬಲೆ. ಎರಡು ಬಾಗಿಲು. ಈ ಜೋಡಿಯ ಪೂರಾ ಮಜಾ ಇರುವುದೇ ಇಲ್ಲಿ.

ಹಾಗಂತ ಜಗಳ ಇಲ್ಲವೆಂದಲ್ಲ. ಪೊಲಾಕ್ಸಮರ್ ಅಂತ ಜೆಲ್ ಮಾಡುವ ಪದಾರ್ಥ ಒಂದಿದೆ. ಅದನ್ನು ನೀರಿಗೆ ಹದವಾಗಿ ಬೆರೆಸಿದರೆ ತಣ್ಣಗಿರುವಾಗ ನೀರಿನಂತಿದ್ದು, ಮೈಯ ಬಿಸಿಗೆ ಗಟ್ಟಿಯಾಗುತ್ತದೆ. ಸೂಜಿಯಲ್ಲಿ ಚುಚ್ಚಿದರೆ ಒಳಗೆ ಜೆಲ್ಲಾಗಿ ಕೂರುತ್ತದೆ, ಕ್ಯಾನ್ಸರ್ ಗೆಡ್ಡೆಯ ಪಕ್ಕದಲ್ಲೇ ಔಷಧಿ ಬಿಡಬಹುದು ಅನ್ನುವ ಆಸೆ. ಆದರೆ ಅದು ಸೋಪಿನ ಜಾತಿ, ಕೆಲವೊಮ್ಮೆ ಲಿಪೋಸೋಮಿನ ಗೋಡೆಯನ್ನೇ ಸಡಿಲ ಮಾಡಿಬಿಡುತ್ತದೆ. ಹೀಗೆ ಚುಚ್ಚುವ ಜೋಡಿಗಳು ಬಹುತೇಕ ಇನ್ನೂ ಲ್ಯಾಬಿನಲ್ಲೇ ಇವೆ.

ನಿಮ್ಮಮ್ಮನ ಟ್ಯೂಬಿನಿಂದ ಅಷ್ಟೆಲ್ಲ ನಿರೀಕ್ಷೆ ಬೇಡ. ಸ್ನಾನ ಮಾಡಿದರೆ ತೊಳೆದುಹೋಗುವ ಜೆಲ್ ವಾರಗಟ್ಟಲೆ ಔಷಧಿ ಬಿಡುವುದಿಲ್ಲ. ಹಚ್ಚಿದ ಜಾಗದಲ್ಲಿ ನಿಲ್ಲುತ್ತದೆ, ಔಷಧಿ ಚೆನ್ನಾಗಿ ಹರಡಿಕೊಂಡಿರುತ್ತದೆ. ಹೆಸರು ಸುಳ್ಳಲ್ಲ, ರೇಟಿನ ಮಾತು ಬೇರೆ.

ಈಗ ಫ್ರೀಜರ್. ನೀರು ಹೆಪ್ಪುಗಟ್ಟಿದಾಗ ಮಂಜಿನ ಹರಳು ಲಿಪೋಸೋಮಿನ ಗೋಡೆಯನ್ನು ಸೀಳುತ್ತದೆ. ಕಡುಬು ಒಡೆದ ಮೇಲೆ ಔಷಧಿ ಎಲ್ಲಿ ನಿಲ್ಲುತ್ತದೆ? ಟ್ಯೂಬಿನ ಮೇಲೆ ಎಷ್ಟು ಡಿಗ್ರಿಯಲ್ಲಿ ಇಡಬೇಕೆಂದು ಬರೆದಿರುತ್ತದೆ, ಅಲ್ಲೇ ಇಡಿ. ಈಗಾಗಲೇ ಕಲ್ಲಾಗಿದ್ದರೆ ಕರಗಿಸಿ ಹಚ್ಚಬೇಡಿ, ಹೊಸದು ತನ್ನಿ.