ಟ್ರೈನಿಂಗ್ ಆದ್ರೂ ಕೆಲಸ ಸಿಗ್ತಿಲ್ಲ ಅಂದ್ರೆ

ನಿಮ್ಮ ಒಕ್ಕೂಟದಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದವ್ರಿಗೆ ಕೆಲಸ ಸಿಗ್ತಿಲ್ಲ, ಸ್ವಯಂಸೇವಕರೂ ಒಬ್ಬೊಬ್ರೇ ಬಿಟ್ಟು ಹೋಗ್ತಿದಾರೆ, ಏನ್ ಮಾಡೋದು ಅಂತ ಕೇಳಿದೀರಲ್ಲ, ನನ್ ಪ್ರಕಾರ ಕೋರ್ಸ್ ಶುರು ಮಾಡೋ ಮುಂಚೆನೇ ಕೆಲಸ ಕೊಡೋರ ಜೊತೆ ಕೂತು ಮಾತಾಡ್ಬೇಕು. ಈಗ್ಲೂ ತಡ ಆಗಿಲ್ಲ. ಸುತ್ತಮುತ್ತ ಇರೋ ಆಸ್ಪತ್ರೆ, ಗೋಡೌನ್, ಆಫೀಸ್‌ಗಳಿಗೆ ಹೋಗಿ ಯಾವ ಕೆಲಸಕ್ಕೆ ಜನ ಸಿಗ್ತಿಲ್ಲ, ಬಂದೋರು ಇಂಟರ್‌ವ್ಯೂನಲ್ಲಿ ಎಲ್ಲಿ ಎಡವ್ತಾರೆ ಅಂತ ನೇರವಾಗಿ ಕೇಳಿ, ಅದನ್ನ ನೋಡ್ಕೊಂಡು ಸಿಲಬಸ್ ಮಾಡಿ, ಸಾಧ್ಯ ಆದ್ರೆ ಕೊನೇಲಿ ಸ್ವಲ್ಪ ದಿನ ಅಲ್ಲೇ ಸಂಬಳ ತಗೊಂಡು ಕೆಲಸ ಕಲಿಯೋ ಅವಕಾಶಾನೂ ಕೇಳಿ. ಸರ್ಟಿಫಿಕೇಟ್ ಎಷ್ಟು ಹಂಚಿದ್ವಿ ಅನ್ನೋದು ಲೆಕ್ಕಾನೇ ಅಲ್ಲ, ಆರು ತಿಂಗಳಾದ್ಮೇಲೆ ಎಷ್ಟು ಜನ ಕೆಲಸದಲ್ಲಿ ಉಳಿದಿದಾರೆ ಅಂತ ಫೋನ್ ಮಾಡಿ ವಿಚಾರಿಸಿ.

ಕೋರ್ಸ್ ಅರ್ಧಕ್ಕೆ ಬಿಟ್ಟೋರನ್ನ ಸೋಮಾರಿಗಳು ಅನ್ಕೋಬೇಡಿ ದಯವಿಟ್ಟು. ಬಹಳ ಸಲ ಮಗು ನೋಡ್ಕೊಳ್ಳೋರು ಇರಲ್ಲ, ಬಸ್ ಚಾರ್ಜಿಗೆ ದುಡ್ಡಿರಲ್ಲ, ಇಲ್ಲಾ ಆ ಟೈಮಿಗೆ ದಿನಗೂಲಿ ಬಿಟ್ಟು ಬರಕ್ಕಾಗಲ್ಲ.

ಸ್ವಯಂಸೇವಕರ ವಿಷ್ಯ ಅಂದ್ರೆ, ಎಲ್ಲಾ ಒಬ್ರ ತಲೆ ಮೇಲೆ ಹಾಕಿದ್ರೆ ಯಾರೂ ಉಳಿಯಲ್ಲ. ಒಂದೊಂದು ಜವಾಬ್ದಾರಿಗೆ ಇಬ್ರನ್ನ ಹಾಕಿ, ಒಂದೇ ವರ್ಷ ಅಂತ ಮೊದ್ಲೇ ಹೇಳಿ, ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದವ್ರನ್ನೇ ಮುಂದಿನ ಬ್ಯಾಚಿಗೆ ಲೀಡರ್ ಮಾಡಿ, ಹೊಸಬ್ರು ನಮ್ಮಂಥೋರಿಗಿಂತ ಅವ್ರ ಮಾತನ್ನೇ ಜಾಸ್ತಿ ನಂಬ್ತಾರೆ.