ಕಾರವಾರದ ಬಾಡಿಗೆ ಮನೆ, ರಾತ್ರಿಯೂ ಇಳಿಯದ ತಾರಸಿ ಕಾವು

ಕಾರವಾರದಲ್ಲಿ ಮೇಲಿನ ಮಹಡಿಯ ಬಾಡಿಗೆ ಮನೆ, ರಾತ್ರಿ ಹನ್ನೊಂದಾದರೂ ಸ್ಲ್ಯಾಬ್ ಆರುವುದಿಲ್ಲ, ಮಾಲೀಕರು ಏನೂ ಕಟ್ಟಿಸಲು ಬಿಡುವುದಿಲ್ಲ, ಕೂಲರ್ ತರಲೇ ಅಂತ ಕೇಳಿದ್ದೀರಿ. ಕೂಲರ್ ಬೇಡವೇ ಬೇಡ. ನೀರು ಆವಿಯಾದರೆ ಮಾತ್ರ ಅದು ತಂಪು ಕೊಡುವುದು. ನಮ್ಮ ಕರಾವಳಿ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ. ದುಡ್ಡು ಸುಮ್ನೆ ಹೋಗುತ್ತದೆ, ಸೆಕೆ ಉಳಿಯುತ್ತದೆ.

ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಿಡುತ್ತದೆ. ಹಾಗಾಗಿ ಬಿಸಿಲು ಅದಕ್ಕೆ ತಾಗದಂತೆ ಮಾಡಬೇಕು. ತಾರಸಿಗೆ ಬಿಳಿ ಸುಣ್ಣ ಹೊಡೆಯಲು ಕೇಳಿ ನೋಡಿ, ಖರ್ಚು ನಿಮ್ಮದೇ ಅಂದರೆ ಒಪ್ಪಬಹುದು. ಅದಕ್ಕೂ ಇಲ್ಲ ಅಂದರೆ ಹೆಣೆದ ತೆಂಗಿನ ಗರಿ ಹಾಸಿ. ಅಡಿಯಲ್ಲಿ ಗಾಳಿಯಾಡಲು ಬಿದಿರಿನ ಗಳ ಇಟ್ಟು ಹಗ್ಗದಲ್ಲಿ ಬಿಗಿಯಿರಿ. ಸಮುದ್ರದ ಗಾಳಿಗೆ ಪಕ್ಕದವರ ಅಂಗಳಕ್ಕೆ ಹಾರಿದರೆ ಬೇರೆಯೇ ಜಗಳ! ಒಣ ಗರಿ ಅಲ್ವಾ, ಬೆಂಕಿಯ ಬಗ್ಗೆ ಹುಷಾರು. ಜೂನ್ ಮಳೆಗೆ ಮೊದಲು ತೆಗೆದುಬಿಡಿ, ಇಲ್ಲದಿದ್ದರೆ ಕಸ ಸೇರಿ ನೀರಿನ ಪೈಪ್ ಕಟ್ಟಿಕೊಳ್ಳುತ್ತದೆ.

ಪಶ್ಚಿಮದ ಕಿಟಕಿಗೆ ಬಿದಿರಿನ ಪರದೆಯನ್ನು ಹೊರಗಡೆ ಇಳಿಬಿಡಿ, ಒಳಗಿನ ಪರದೆಗಿಂತ ಅದೇ ಮೇಲು. ರಾತ್ರಿ ಗಾಳಿ ಗುಡ್ಡದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ. ಪೂರ್ವದ ಕಿಟಕಿ ತೆರೆದು, ಪಶ್ಚಿಮದ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖ ಮಾಡಿ ಇಡಿ. ಒಳಗಿನ ಬಿಸಿಗಾಳಿ ಹೊರಗೆ ಹೋಗುತ್ತದೆ.